ಊರ ಗಾಳಿಯನ್ನು ಊರವರೇ ಅಳೆಯುವ ಬಗೆ

ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯ ಆಚೀಚೆ ಇರುವ ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳದ ಸುತ್ತಿನ ಊರುಗಳಲ್ಲಿ ಗಾಳಿಯ ಸ್ಥಿತಿ ಮೊದಲು ಗೊತ್ತಾಗುವುದು ಮಾಳಿಗೆಯ ಮೇಲೆ. ಸಂಜೆ ಒಣಹಾಕಿದ ಬಿಳಿ ಧೋತರವನ್ನು ಬೆಳಿಗ್ಗೆ ಕೊಡವಿದರೆ ಕಪ್ಪು ಪುಡಿ ಉದುರುತ್ತದೆ. ಬೇಸಿಗೆಯ ಸಂಡಿಗೆ, ಶ್ಯಾವಿಗೆಗಳ ಮೇಲೆ ಹೆಂಗಸರು ತೆಳು ಸೀರೆ ಹೊದಿಸುತ್ತಾರೆ. ಇದನ್ನೆಲ್ಲ ಸಭೆಯಲ್ಲಿ ಹೇಳಿದಾಗ ಅಧಿಕಾರಿಗಳಿಂದ ಬರುವ ಪ್ರಶ್ನೆ ಒಂದೇ: ಎಷ್ಟು, ಯಾವಾಗ, ಎಲ್ಲಿಂದ? ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಊರಿನವರೇ ಉತ್ತರ ಸಿದ್ಧಪಡಿಸಿಕೊಳ್ಳುವುದು ಹೇಗೆ ಎಂಬುದನ್ನು ನಾವು ಮಾಡಿ, ತಪ್ಪಿ, ತಿದ್ದಿಕೊಂಡ ಅನುಭವದಿಂದ ಇಲ್ಲಿ ಬರೆದಿದ್ದೇನೆ. ಗಾಳಿಯ ಧೂಳನ್ನು ಅಳೆಯುವ ಅಗ್ಗದ ಸೆನ್ಸರ್ ಕೊಡುವ ಅಂಕಿಗೆ ಬೆಲೆ ಬರುವುದು ಅದರ ಪಕ್ಕದಲ್ಲಿ ದಿನವೂ ಬರೆದಿಟ್ಟ ದಿನಚರಿಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಮಾತುಗಳೆಲ್ಲ ಅದರ ಸುತ್ತಲೇ ಇವೆ.

ಸರ್ಕಾರದ ಅಳತೆ ಇಲ್ಲವೇ ಎಂದು ಕೇಳಬಹುದು. ಇದೆ. ಕೊಪ್ಪಳ ಪಟ್ಟಣದಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರವೊಂದು ಹಗಲಿರುಳು ಗಾಳಿಯನ್ನು ಅಳೆಯುತ್ತದೆ. ಅದರ ಅಂಕಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಯಾರಿಗೂ ಸಿಗುತ್ತವೆ. ಆದರೆ ಗಿಣಿಗೇರಿ ಇರುವುದು ಕೊಪ್ಪಳದ ಮೂಡಣಕ್ಕೆ, ಮಳೆಗಾಲದ ನಾಲ್ಕು ತಿಂಗಳು ಗಾಳಿ ಬೀಸುವುದು ಪಡುವಣದಿಂದ. ಆ ತಿಂಗಳುಗಳಲ್ಲಿ ಪಟ್ಟಣದ ಕೇಂದ್ರ ಗಾಳಿ ಬರುವ ದಿಕ್ಕಿನಲ್ಲಿ ಉಳಿಯುವುದರಿಂದ ಗಿಣಿಗೇರಿಯ ಕಡೆಯ ಕಾರ್ಖಾನೆಗಳ ಸಾಲಿನ ಹೊಗೆ ಅದರ ಹತ್ತಿರ ಸುಳಿಯುವುದೇ ಅಪರೂಪ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಒಂದು ಊರೂ ಆ ಪಟ್ಟಿಯಲ್ಲಿಲ್ಲ. ಹಳ್ಳಿಯ ಗಾಳಿಯ ಲೆಕ್ಕವನ್ನು ಹಳ್ಳಿಯೇ ಶುರು ಮಾಡಬೇಕಾಗಿರುವುದು ಈ ಕಾರಣಕ್ಕೆ.

ಮೊದಲು ಪ್ರಶ್ನೆ ಗೊತ್ತುಮಾಡಿಕೊಳ್ಳಿ

ಯಂತ್ರ ತರಿಸುವ ಮುಂಚೆ ಗುಡಿಯ ಕಟ್ಟೆಯ ಮೇಲೋ ಶಾಲೆಯ ಕೋಣೆಯಲ್ಲೋ ಹತ್ತು ಜನ ಕೂತು, ತಿಳಿಯಬೇಕಾದದ್ದು ಏನು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ನಮ್ಮ ಭಾಗದಲ್ಲಿ ಈ ಪ್ರಶ್ನೆ ಊರಿಂದೂರಿಗೆ ಬದಲಾಗುತ್ತದೆ. ಗಿಣಿಗೇರಿಯ ಕಡೆಯವರಿಗೆ ಅದು ಅದಿರನ್ನು ಕಲ್ಲಿದ್ದಲಿನೊಡನೆ ಕಾಯಿಸಿ ಕಬ್ಬಿಣ ಮಾಡುವ ಸ್ಪಾಂಜ್ ಐರನ್ ಗೂಡುಗಳ ಹೊಗೆ; ಸಂಡೂರಿನ ರಸ್ತೆಯ ಬದಿಯವರಿಗೆ ಅದಿರು ಲಾರಿಗಳ ಕೆಂಧೂಳು; ರಾಯಚೂರಿನ ಶಕ್ತಿನಗರ ಮತ್ತು ಬಳ್ಳಾರಿಯ ಕುಡತಿನಿಯಲ್ಲಿ ಶಾಖೋತ್ಪನ್ನ ಕೇಂದ್ರದ ಹಾರುಬೂದಿ; ಗಂಗಾವತಿ, ಕಾರಟಗಿ, ಸಿಂಧನೂರುಗಳಲ್ಲಿ ಅಕ್ಕಿ ಗಿರಣಿಗಳ ಬಾಯ್ಲರಿನಲ್ಲಿ ಉರಿಯುವ ಭತ್ತದ ಹೊಟ್ಟಿನ ಬೂದಿ, ಸುಗ್ಗಿಯ ನಂತರ ಗದ್ದೆಯಲ್ಲಿ ಸುಡುವ ಹುಲ್ಲಿನ ಹೊಗೆ. "ನಮ್ಮೂರ ಗಾಳಿ ಕೆಟ್ಟಿದೆಯೇ" ಎಂಬ ಪ್ರಶ್ನೆಯಿಂದ ಏನೂ ಹೊರಡುವುದಿಲ್ಲ. "ಚಳಿಗಾಲದ ರಾತ್ರಿಗಳಲ್ಲಿ ಶಾಲೆಯ ಓಣಿಯ ಗಾಳಿ, ಮೂರು ಕಿಲೋಮೀಟರ್ ಆಚೆಯ ಊರಿನ ಗಾಳಿಗಿಂತ ಎಷ್ಟು ಹೆಚ್ಚು ಹೊಗೆ ಹೊತ್ತಿದೆ" ಎಂಬ ಪ್ರಶ್ನೆಯಿಂದ ಎಷ್ಟು ಸೆನ್ಸರ್ ಬೇಕು, ಎಲ್ಲಿಡಬೇಕು, ಎಷ್ಟು ತಿಂಗಳು ನಡೆಸಬೇಕು ಎಂಬುದೆಲ್ಲ ತಾನಾಗಿಯೇ ಹೊರಡುತ್ತದೆ.

ಸೆನ್ಸರಿಗೆ ಕಾಣುವುದು, ಕಾಣದಿರುವುದು

ಅಗ್ಗದ ಧೂಳಿನ ಸೆನ್ಸರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಪ್ಲಾನ್‌ಟವರ್ ಕಂಪನಿಯ ಪಿಎಂಎಸ್ 5003, ಪಿಎಂಎಸ್ 7003 ಮತ್ತು ನೋವಾ ಕಂಪನಿಯ ಎಸ್‌ಡಿಎಸ್ 011. ಎಲ್ಲವೂ ಕೆಲಸ ಮಾಡುವ ಬಗೆ ಒಂದೇ. ಅಂಗೈಯಗಲದ ಪೆಟ್ಟಿಗೆಯೊಳಗೆ ಸಣ್ಣ ಫ್ಯಾನು ಗಾಳಿಯನ್ನು ಎಳೆಯುತ್ತದೆ, ಲೇಸರ್ ಕಿರಣವೊಂದು ಆ ಗಾಳಿಯನ್ನು ಹಾಯುತ್ತದೆ, ಧೂಳಿನ ಕಣಗಳಿಗೆ ತಾಗಿ ಚದುರಿದ ಬೆಳಕನ್ನು ಪಕ್ಕದ ಬೆಳಕು-ಗ್ರಾಹಕ ಅಳೆಯುತ್ತದೆ. ಮುಂಜಾನೆ ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳು ಹೊಳೆಯುವುದನ್ನು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಚದುರಿದ ಬೆಳಕಿನಿಂದ ಕಣಗಳ ತೂಕವನ್ನು ಸೆನ್ಸರ್ ಅಂದಾಜು ಮಾಡಿ, ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಹೇಳುತ್ತದೆ. ಅದು ಏನನ್ನೂ ತೂಗುವುದಿಲ್ಲ ಎಂಬುದನ್ನು ಮರೆಯಬಾರದು.

ಇಲ್ಲಿಯೇ ನಮ್ಮ ಮೂರು ಜಿಲ್ಲೆಗಳಿಗೆ ಸಂಬಂಧಿಸಿದ ದೊಡ್ಡ ಎಚ್ಚರಿಕೆಯೊಂದಿದೆ. 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳನ್ನು, ಅಂದರೆ ಹೊಗೆಯ ಕಣಗಳನ್ನು, ಈ ಸೆನ್ಸರುಗಳು ತಕ್ಕಮಟ್ಟಿಗೆ ಚೆನ್ನಾಗಿ ಗುರುತಿಸುತ್ತವೆ. ಇವುಗಳನ್ನು ಪಿಎಂ 2.5 ಎನ್ನುತ್ತೇವೆ. ಅದಕ್ಕಿಂತ ದಪ್ಪನೆಯ ಧೂಳಿನಲ್ಲಿ, ಅಂದರೆ ಅದಿರಿನ ಪುಡಿ, ರಸ್ತೆಯ ಮಣ್ಣು, ಹೊಟ್ಟಿನ ಬೂದಿಯಲ್ಲಿ, ಅವು ಸೋಲುತ್ತವೆ. ದಪ್ಪ ಕಣಗಳು ಆ ಸಣ್ಣ ಫ್ಯಾನಿನ ಸೆಳೆತಕ್ಕೆ ಸರಿಯಾಗಿ ಒಳಗೆ ಬರುವುದಿಲ್ಲ, ಬಂದದ್ದರ ಎಣಿಕೆಯೂ ಸರಿಯಾಗಿ ಆಗುವುದಿಲ್ಲ. ಪರದೆಯ ಮೇಲೆ ಪಿಎಂ 10 (10 ಮೈಕ್ರೋಮೀಟರಿಗಿಂತ ಸಣ್ಣ ಎಲ್ಲ ಕಣಗಳು) ಎಂದು ತೋರಿಸುವ ಅಂಕಿಯ ಬಹುಪಾಲು, ಸಣ್ಣ ಕಣಗಳ ಎಣಿಕೆಯಿಂದ ಕಟ್ಟಿದ ಊಹೆ. ಆದ್ದರಿಂದ ಸಂಡೂರಿನ ರಸ್ತೆಬದಿಯಲ್ಲಿ ಈ ಸೆನ್ಸರ್ ಇಟ್ಟು "ಪಿಎಂ 10 ಕಡಿಮೆ ಇದೆ" ಎಂಬ ಅಂಕಿ ಬಂದರೆ ಅದು ಊರಿಗೇ ತಿರುಗುಬಾಣವಾಗುತ್ತದೆ. ಹೊಗೆಗೆ ಸೆನ್ಸರ್, ದಪ್ಪ ಧೂಳಿಗೆ ಬಕೆಟ್ಟು: ಈ ಎರಡನೆಯದರ ವಿಷಯ ಮುಂದೆ ಬರುತ್ತದೆ.

ತೇವ ಎರಡನೆಯ ತೊಡಕು. ಗಾಳಿಯಲ್ಲಿ ತೇವಾಂಶ ಶೇಕಡ 75-80ನ್ನು ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಬೆಳಕನ್ನು ಹೆಚ್ಚು ಚದುರಿಸುತ್ತವೆ, ಸೆನ್ಸರ್ ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತದೆ. ಮಂಜು ಬಿದ್ದ ಮುಂಜಾನೆ ಇದು ಸಾಮಾನ್ಯ, ನೀರಾವರಿ ಗದ್ದೆಗಳ ನಡುವಿನ ಊರುಗಳಲ್ಲಿ ಇನ್ನೂ ಹೆಚ್ಚು. ಹೀಗಾಗಿ ಉಷ್ಣತೆ ಮತ್ತು ತೇವಾಂಶ ಅಳೆಯುವ ಬಿಎಂಇ 280 ಎಂಬ ಇನ್ನೊಂದು ಸಣ್ಣ ಸೆನ್ಸರನ್ನು ಜೊತೆಗೆ ಹಾಕಲೇಬೇಕು.

ಗಂಧಕದ ಡೈಆಕ್ಸೈಡಿನಂತಹ ಅನಿಲಗಳನ್ನು ಅಗ್ಗದಲ್ಲಿ ಅಳೆಯುವ ಆಸೆಯನ್ನು ಸದ್ಯಕ್ಕೆ ಬಿಡುವುದು ಒಳ್ಳೆಯದು. "ಗಾಳಿಯ ಗುಣಮಟ್ಟದ ಸೆನ್ಸರ್" ಎಂದು ನೂರಿನ್ನೂರು ರೂಪಾಯಿಗೆ ಮಾರುವ ಎಂಕ್ಯೂ 135 ಹತ್ತಾರು ಅನಿಲಗಳಿಗೆ ಒಟ್ಟಿಗೆ ಸ್ಪಂದಿಸುತ್ತದೆ; ಯಾವುದು ಎಷ್ಟು ಎಂದು ಅದರಿಂದ ಹೇಳಲು ಬರುವುದಿಲ್ಲ.

ಪೆಟ್ಟಿಗೆ ಕಟ್ಟುವುದು

ಒಂದು ಘಟಕಕ್ಕೆ ಬೇಕಾದವು: ಧೂಳಿನ ಸೆನ್ಸರ್, ಬಿಎಂಇ 280, ಇಎಸ್‌ಪಿ 8266 ಅಥವಾ ಇಎಸ್‌ಪಿ 32 ಎಂಬ ಸಣ್ಣ ಕಂಪ್ಯೂಟರ್ ಬೋರ್ಡು, ಮೊಬೈಲಿನ 5 ವೋಲ್ಟ್ ಚಾರ್ಜರು, ವೈರು, ಕವಚ. ಎಲ್ಲ ಸೇರಿ ಸ್ಥೂಲವಾಗಿ ನಾಲ್ಕೈದು ಸಾವಿರ ರೂಪಾಯಿ ಆಗುತ್ತದೆ. 2015ರಲ್ಲಿ ಜರ್ಮನಿಯ ಷ್ಟುಟ್‌ಗಾರ್ಟ್ ನಗರದ ಆಸಕ್ತರ ಗುಂಪೊಂದು ಆರಂಭಿಸಿದ, ಈಗ ಸೆನ್ಸರ್ ಕಮ್ಯುನಿಟಿ ಎಂದು ಕರೆಯಲಾಗುವ ಯೋಜನೆ ಈ ಬೋರ್ಡಿಗೆ ಬೇಕಾದ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತದೆ. ಐಟಿಐ ಅಥವಾ ಡಿಪ್ಲೊಮಾ ಓದುತ್ತಿರುವ ಹುಡುಗ ಹುಡುಗಿಯರು ಒಂದು ಮಧ್ಯಾಹ್ನದಲ್ಲಿ ಜೋಡಿಸಿ ಮುಗಿಸುತ್ತಾರೆ. ಕವಚಕ್ಕೆ ಮಾಳಿಗೆಯ ನೀರಿಳಿಯುವ 75 ಮಿಲಿಮೀಟರ್ ಪಿವಿಸಿ ಪೈಪಿನ ಎರಡು ಎಲ್ಬೋಗಳು ಸಾಕು: ಎರಡನ್ನೂ ಸೇರಿಸಿ ಬಾಯಿಗಳು ಕೆಳಮುಖವಾಗುವಂತೆ ಕಟ್ಟಿದರೆ ಮಳೆ ಒಳಹೋಗುವುದಿಲ್ಲ, ಗಾಳಿಗೆ ಅಡ್ಡಿಯೂ ಇಲ್ಲ. ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟುವುದನ್ನು ಮರೆಯಬಾರದು. ನಮ್ಮ ಒಂದು ಘಟಕ ಮೂರು ದಿನ ಸತತವಾಗಿ ವಿಪರೀತ ಅಂಕಿ ಕೊಟ್ಟಿತು. ಬಿಚ್ಚಿ ನೋಡಿದಾಗ ಜೇಡವೊಂದು ಲೇಸರಿನ ದಾರಿಯಲ್ಲೇ ಬಲೆ ಕಟ್ಟಿತ್ತು.

ಕೆಲವು ಸಣ್ಣ ವಿಷಯಗಳು ದೊಡ್ಡ ತಲೆನೋವು ತರುತ್ತವೆ. ಇಎಸ್‌ಪಿ 8266 ಬೋರ್ಡು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತದೆ, ಆದ್ದರಿಂದ ಮೊಬೈಲ್ ಹಾಟ್‌ಸ್ಪಾಟನ್ನು ಆ ತರಂಗಕ್ಕೆ ಬದಲಿಸಿಕೊಳ್ಳಬೇಕು. ಯುಎಸ್‌ಬಿ ಕೇಬಲ್ ತೀರ ಉದ್ದವಾದರೆ ತುದಿಯಲ್ಲಿ ವೋಲ್ಟೇಜ್ ಕುಸಿದು ಫ್ಯಾನು ನಿಧಾನವಾಗುತ್ತದೆ, ಅಂಕಿ ಸುಳ್ಳಾಗುತ್ತದೆ. ಕರೆಂಟು ಹೋಗುವ ಊರುಗಳಲ್ಲಿ, ಒಂದೆಡೆ ಚಾರ್ಜ್ ಆಗುತ್ತಲೇ ಇನ್ನೊಂದೆಡೆ ಕರೆಂಟು ಕೊಡಬಲ್ಲ ಪವರ್ ಬ್ಯಾಂಕ್ ನಡುವೆ ಹಾಕಬೇಕು. ನೆಟ್‌ವರ್ಕ್ ನಂಬಲಾಗದ ಕಡೆ ಮೆಮೊರಿ ಕಾರ್ಡಿನಲ್ಲಿ ಬರೆದಿಡುವ ವ್ಯವಸ್ಥೆ ಬೇಕು. ಎಸ್‌ಡಿಎಸ್ 011ರ ಲೇಸರಿನ ಆಯುಷ್ಯ ಸುಮಾರು 8000 ಗಂಟೆ ಎಂದು ತಯಾರಕರೇ ಹೇಳುತ್ತಾರೆ. ಬಿಡದೆ ಓಡಿಸಿದರೆ ಅದು ಹನ್ನೊಂದು ತಿಂಗಳಲ್ಲಿ ಮುಗಿಯುತ್ತದೆ. ಐದು ನಿಮಿಷಕ್ಕೊಮ್ಮೆ ಒಂದು ನಿಮಿಷ ಮಾತ್ರ ಓಡುವಂತೆ ಹೊಂದಿಸಿದರೆ ನಾಲ್ಕು ವರ್ಷಕ್ಕೂ ಮೀರಿ ಬರುತ್ತದೆ.

ಎಲ್ಲಿ ಇಡಬೇಕು

ಕೇಂದ್ರ ಮಂಡಳಿಯ ಮಾರ್ಗಸೂಚಿಯ ಪ್ರಕಾರ ಗಾಳಿಯ ಮಾದರಿ ತೆಗೆಯುವ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು. ಒಂದಂತಸ್ತಿನ ಮನೆಯ ಮಾಳಿಗೆಯ ಮೇಲೆ ಆಳೆತ್ತರದ ಕಂಬ ನೆಟ್ಟರೆ ಸರಿಹೋಗುತ್ತದೆ. ಮೂರು ಕಡೆಯಾದರೂ ಗಾಳಿ ಬಿಚ್ಚಾಗಿ ಆಡಬೇಕು, ಮರದ ಟೊಂಗೆ ಮುಚ್ಚಿರಬಾರದು, ಮಧ್ಯಾಹ್ನದ ಬಿಸಿಲು ನೇರ ಬೀಳಬಾರದು. ನಮ್ಮ ಬೇಸಿಗೆಯ ಬಿಸಿಲಿಗೆ ಕವಚದೊಳಗಿನ ಉಷ್ಣತೆ ಹೊರಗಿನದಕ್ಕಿಂತ ಬಹಳ ಏರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಪಾಠವನ್ನು ನಾವು ತಪ್ಪಿನಿಂದ ಕಲಿತೆವು. ಮೊದಲ ಘಟಕವನ್ನು ಊರಂಚಿನ ಮನೆಯೊಂದರ ಹಿತ್ತಲ ಗೋಡೆಗೆ ಕಟ್ಟಿದ್ದೆವು. ದಿನವೂ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಅಂಕಿ ಕಡಿದಾಗಿ ಏರುತ್ತಿತ್ತು. ರಾತ್ರಿಯ ಹೊಗೆ ಬೆಳಗಾಗುವಾಗ ಕೆಳಗಿಳಿಯುತ್ತಿದೆ ಎಂದು ನಾವು ತೀರ್ಮಾನಿಸಿ, ಅಂಕಿಯ ಏರಿಳಿತದ ನಕ್ಷೆಯನ್ನು ಪಂಚಾಯಿತಿಯ ಸಭೆಯಲ್ಲಿಯೂ ತೋರಿಸಿದೆವು. ಆ ಮನೆಯ ಅಜ್ಜಿ ನಕ್ಷೆಯನ್ನು ನೋಡಿ, "ಅದು ನಮ್ಮ ಬಚ್ಚಲ ಒಲಿ ಹೊತ್ತರೀ ಯಪ್ಪಾ, ಹತ್ತಿ ಕಟಗಿ ಹಾಕಿ ನೀರು ಕಾಸ್ತೀವಿ" ಎಂದರು. ಬಚ್ಚಲ ಮನೆಯ ಹೊಗೆಗಂಡಿ ಸೆನ್ಸರಿನಿಂದ ಹದಿನೈದು ಅಡಿಯಲ್ಲಿತ್ತು. ಘಟಕವನ್ನು ಶಾಲೆಯ ಮಾಳಿಗೆಗೆ ಒಯ್ದ ಮೇಲೆ ಬೆಳಗಿನ ಏರಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಅಂದಿನಿಂದ ಯಾವ ಘಟಕವನ್ನೇ ಇಡುವ ಮುಂಚೆ ಆ ಜಾಗದಲ್ಲಿ ಒಂದು ಪೂರ್ಣ ದಿನ ಕೂತು, ಒಲೆ, ಹೋಟೆಲಿನ ಭಟ್ಟಿ, ಜನರೇಟರ್, ಕಸ ಸುಡುವ ಜಾಗ, ಹಿಟ್ಟಿನ ಗಿರಣಿ, ರಾಶಿ ಮಾಡುವ ಕಣ ಎಲ್ಲೆಲ್ಲಿವೆ ಎಂದು ಕೈನಕ್ಷೆ ಬರೆಯುತ್ತೇವೆ. ಆ ನಕ್ಷೆಗೆ ಮನೆಯ ಹೆಂಗಸರನ್ನು ಕೇಳುವುದು ಕಡ್ಡಾಯ, ಏಕೆಂದರೆ ಯಾವ ಒಲೆ ಎಷ್ಟು ಹೊತ್ತಿಗೆ ಹೊತ್ತುತ್ತದೆ ಎಂಬುದು ಅವರಿಗಷ್ಟೇ ಸರಿಯಾಗಿ ಗೊತ್ತಿರುತ್ತದೆ.

ಘಟಕಗಳು ಕನಿಷ್ಠ ಮೂರು ಇರಲಿ. ಎರಡು ನಿಮ್ಮ ಸಂಶಯದ ಮೂಲದ ಎರಡು ಬದಿಗಳಲ್ಲಿ, ಗಾಳಿ ಬರುವ ಮತ್ತು ಹೋಗುವ ದಿಕ್ಕಿನಲ್ಲಿ. ಮೂರನೆಯದು ಎರಡರಿಂದಲೂ ದೂರದ, ಕಾರ್ಖಾನೆಯೂ ಹೆದ್ದಾರಿಯೂ ಇಲ್ಲದ ಊರಿನಲ್ಲಿ. ಈ ದೂರದ ಘಟಕ ವ್ಯರ್ಥವೆಂದು ಮೊದಲು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಅದಿಲ್ಲದೆ ಉಳಿದ ಎರಡರ ಅಂಕಿಗೆ ಅರ್ಥವಿಲ್ಲ.

ಇನ್ನೊಂದು ಮಾತನ್ನು ಮನಸ್ಸಿಟ್ಟು ಓದಬೇಕು. ಈ ಊರುಗಳ ಎಷ್ಟೋ ಮನೆಗಳ ದುಡಿಮೆ ಅದೇ ಕಾರ್ಖಾನೆಗಳಲ್ಲಿದೆ. ಗುತ್ತಿಗೆ ಕಾರ್ಮಿಕನ ಮನೆಯ ಮೇಲೆ ಸೆನ್ಸರ್ ಕಟ್ಟಿ, ಅದರ ಜಾಗವನ್ನು ನಕ್ಷೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರೆ ಅವನ ಕೆಲಸಕ್ಕೆ ಕುತ್ತು ಬರಬಹುದು. ಶಾಲೆ, ಗುಡಿ, ಮಸೀದಿ, ಗ್ರಂಥಾಲಯ, ಹಾಲಿನ ಡೈರಿಯಂತಹ ಊರಿಗೆ ಸೇರಿದ ಕಟ್ಟಡಗಳೇ ಲೇಸು. ಮನೆಯೇ ಬೇಕಾದರೆ ಮನೆಯವರ ಲಿಖಿತ ಒಪ್ಪಿಗೆ ಪಡೆದು, ನಕ್ಷೆಯಲ್ಲಿ ಓಣಿಯನ್ನಷ್ಟೇ ತೋರಿಸಬೇಕು.

ಒಂದೆಡೆ ಇಟ್ಟು ಹೋಲಿಸುವುದು

ಈ ಕೆಲಸವನ್ನು ಬಿಟ್ಟರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಊರಿನಲ್ಲಿ ಹಂಚುವ ಮುಂಚೆ ಎಲ್ಲ ಘಟಕಗಳನ್ನೂ ಒಂದೇ ಮಾಳಿಗೆಯ ಮೇಲೆ, ಒಂದು ಗೇಣಿನ ಅಂತರದಲ್ಲಿ, ಎರಡು ವಾರ ಒಟ್ಟಿಗೆ ಓಡಿಸಬೇಕು. ಒಂದೇ ಗಾಳಿಗೆ ಎಲ್ಲವೂ ಒಂದೇ ಅಂಕಿ ಕೊಡುವುದಿಲ್ಲ. ಉದಾಹರಣೆಗೆ, ಒಂದು ದಿನದ ಸರಾಸರಿ ಮೊದಲನೆಯದರಲ್ಲಿ 48, ಎರಡನೆಯದರಲ್ಲಿ 52, ಮೂರನೆಯದರಲ್ಲಿ 67 ಬಂತು ಎಂದುಕೊಳ್ಳೋಣ. ಮೊದಲ ಎರಡರ ವ್ಯತ್ಯಾಸ ಸಹಿಸುವಂಥದ್ದು. ಮೂರನೆಯದು ಎಲ್ಲ ದಿನವೂ ಅದೇ ಪ್ರಮಾಣದಲ್ಲಿ ಹೆಚ್ಚು ತೋರಿದರೆ ಅದಕ್ಕೆ ಗುಣಕವೊಂದನ್ನು ಕಂಡುಕೊಂಡು ತಿದ್ದಬಹುದು. ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ ಎಂದು ತೂಗಾಡಿದರೆ ಆ ಸೆನ್ಸರನ್ನು ಹಿಂದಿರುಗಿಸಬೇಕು. ಪ್ರತಿ ಘಟಕದ ಮೇಲೂ ಅಳಿಸದ ಬಣ್ಣದಲ್ಲಿ ಸಂಖ್ಯೆ ಬರೆದು, ಅದರ ಗುಣಕವನ್ನು ದಿನಚರಿಯ ಮೊದಲ ಪುಟದಲ್ಲಿ ದಾಖಲಿಸಿ.

ನಂತರದ ಹೆಜ್ಜೆ, ಮಂಡಳಿಯ ಕೇಂದ್ರದ ಪಕ್ಕದಲ್ಲಿ ಇಡುವುದು. ಪ್ರಾದೇಶಿಕ ಕಚೇರಿಗೆ ಪತ್ರ ಬರೆದು ಹದಿನೈದು ದಿನದ ಅನುಮತಿ ಕೇಳಿ. ಸಿಗದಿದ್ದರೆ ಹತ್ತಿರದ ಕಟ್ಟಡವೊಂದರ ಮಾಳಿಗೆಯನ್ನು ಹಿಡಿಯಿರಿ. ಆ ದಿನಗಳ ಕೇಂದ್ರದ ಅಂಕಿಗಳನ್ನು ಕೇಂದ್ರ ಮಂಡಳಿಯ ಜಾಲತಾಣದಿಂದ ಇಳಿಸಿಕೊಂಡು, ದಿನಕ್ಕೊಂದರಂತೆ ಎರಡನ್ನೂ ಎಕ್ಸೆಲ್ ಹಾಳೆಯಲ್ಲಿ ಎದುರುಬದುರು ಬರೆದು ಚುಕ್ಕಿಚಿತ್ರ ಹಾಕಿದರೆ, ನಡುವೆ ಎಳೆಯುವ ಗೆರೆಯೇ ನಿಮ್ಮ ತಿದ್ದುಪಡಿಯ ಸೂತ್ರ. ಅಮೆರಿಕದ ಪರಿಸರ ಸಂಸ್ಥೆ ಇಂತಹ ಸೆನ್ಸರುಗಳಿಗೆಂದು ಸಿದ್ಧಪಡಿಸಿದ ಸೂತ್ರವೊಂದು ಎಲ್ಲೆಡೆ ಬಳಕೆಯಲ್ಲಿದೆ. ಅದು ಆ ದೇಶದ ಗಾಳಿಯ ಮೇಲೆ ಕಟ್ಟಿದ ಸೂತ್ರ. ನಮ್ಮ ಕಲ್ಲಿದ್ದಲ ಹೊಗೆಗೂ ಮಣ್ಣಿನ ಧೂಳಿಗೂ ಅದನ್ನು ಹಾಗೆಯೇ ಹಚ್ಚಬಾರದು. ಬೇಸಿಗೆಯಲ್ಲಿ ಕಂಡುಕೊಂಡ ಸೂತ್ರ ಮಳೆಗಾಲಕ್ಕೆ ಹೊಂದುವುದಿಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲವಾದರೂ ಈ ಹೋಲಿಕೆ ನಡೆಯಬೇಕು.

ದಿನಚರಿ

ಇನ್ನೂರು ಪುಟದ ಒಂದು ನೋಟುಬುಕ್ಕು, ಅದಕ್ಕೆ ದಾರದಿಂದ ಕಟ್ಟಿದ ಪೆನ್ನು. ದಿನಕ್ಕೆ ಮೂರು ಹೊತ್ತು, ಬೆಳಿಗ್ಗೆ, ಸಂಜೆ ಮತ್ತು ಮಲಗುವ ಮುಂಚೆ, ಎರಡೆರಡು ಸಾಲು ಸಾಕು: ಗಾಳಿಯ ದಿಕ್ಕು, ಆಕಾಶ, ವಾಸನೆ, ಕಂಡ ಹೊಗೆಯ ಬಣ್ಣ ಮತ್ತು ಅದು ವಾಲಿದ ಕಡೆ, ಕರೆಂಟು ಹೋದ ಮತ್ತು ಬಂದ ಸಮಯ, ಊರಿನಲ್ಲಿ ನಡೆದ ವಿಶೇಷ. ಜಾತ್ರೆ, ದೀಪಾವಳಿಯ ಪಟಾಕಿ, ರಸ್ತೆಯ ಡಾಂಬರು, ತೊಗರಿ ರಾಶಿ ಮಾಡುವ ಯಂತ್ರ, ಗದ್ದೆಗೆ ಬೆಂಕಿ ಹಚ್ಚಿದ್ದು, ಎಲ್ಲವೂ ಅಲ್ಲಿ ಬರಬೇಕು. ಗಾಳಿಯ ದಿಕ್ಕಿಗೆ ಗುಡಿಯ ಶಿಖರದ ಧ್ವಜಕ್ಕಿಂತ ಒಳ್ಳೆಯ ಸಾಧನವಿಲ್ಲ. ಜೊತೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳ ಮಾಹಿತಿಯನ್ನೂ ಕೇಳಿ ಪಡೆಯಬಹುದು.

ನಮ್ಮಲ್ಲಿ ಈ ಪುಸ್ತಕವನ್ನು ಒಂಬತ್ತನೆಯ ತರಗತಿಯ ಹುಡುಗಿಯರು ಸರದಿಯಂತೆ ಬರೆಯುತ್ತಾರೆ. ಒಂದು ದಿನದ ಸಾಲು ಹೀಗಿದೆ: "ಬೆಳಿಗ್ಗೆ 6. ಗಾಳಿ ಇಲ್ಲ. ಧ್ವಜ ಜೋತುಬಿದ್ದಿದೆ. ಹೊಗೆ ಮೇಲೆ ಹೋಗದೆ ಹೊಲದ ಮೇಲೆ ಹಾಸಿದೆ. ಬಾಯಲ್ಲಿ ಕಬ್ಬಿಣದ ರುಚಿ." ಆ ಹೊತ್ತಿನ ಸೆನ್ಸರಿನ ಅಂಕಿಯನ್ನು ಯಾರಾದರೂ ಅನುಮಾನಿಸಿದರೆ ತೋರಿಸಲು ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ಬರೆದದ್ದನ್ನು ಅಳಿಸಬಾರದು, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ತಿದ್ದಿ ಸಹಿ ಹಾಕಬೇಕು.

ದಪ್ಪ ಧೂಳಿಗೆ ಬಕೆಟ್ಟು

ಕೆಂಧೂಳು, ಬೂದಿ, ಕಪ್ಪು ಪುಡಿಗಳನ್ನು ಅಳೆಯಲು ಹಳೆಯ ಮತ್ತು ನಂಬಿಕಸ್ಥ ವಿಧಾನ, ಬೀಳುವ ಧೂಳನ್ನು ಹಿಡಿದು ತೂಗುವುದು. ನೇರ ಗೋಡೆಯ, ಅಗಲ ಬಾಯಿಯ ಪ್ಲಾಸ್ಟಿಕ್ ಬಕೆಟ್ಟನ್ನು ಮಾಳಿಗೆಯ ಮೇಲೆ ಸ್ಟೂಲಿನ ಮೇಲಿಟ್ಟು ಕಟ್ಟಿ, ಬಿದ್ದ ಧೂಳು ಮತ್ತೆ ಹಾರದಂತೆ ಎರಡಂಗುಲ ನೀರು ಹಾಕಿ 30 ದಿನ ಬಿಡಬೇಕು. ಬೋರಿನ ನೀರು ಬೇಡ; ನಮ್ಮ ಭಾಗದ ಗಡುಸು ನೀರು ಆರಿದ ಮೇಲೆ ಉಪ್ಪಿನ ಪುಡಿ ಉಳಿಸಿ ಲೆಕ್ಕ ಕೆಡಿಸುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿ, ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ನೋಡಿ ತುಂಬಿ. ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಬಲೆ ಕಟ್ಟುವುದು ಅವಶ್ಯ. ಹೋಲಿಸುವ ಎಲ್ಲ ಬಕೆಟ್ಟುಗಳಿಗೂ ಒಂದೇ ಬಗೆಯ ಬಲೆ ಇರಲಿ.

ತಿಂಗಳು ತುಂಬಿದ ಮೇಲೆ ಹುಳು, ಎಲೆ, ಹಕ್ಕಿಯ ಪುಕ್ಕ ತೆಗೆದು, ಮೊದಲೇ ಒಣಗಿಸಿ ತೂಗಿಟ್ಟ ಫಿಲ್ಟರ್ ಕಾಗದದಲ್ಲಿ ನೀರನ್ನು ಸೋಸಿ, ಕಾಗದವನ್ನು ಒಣಗಿಸಿ ಮತ್ತೆ ತೂಗಬೇಕು. ಇದಕ್ಕೆ ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅದು ಇರುತ್ತದೆ, ಅಧ್ಯಾಪಕರನ್ನು ಕೇಳಿದರೆ ಇಲ್ಲವೆನ್ನುವುದಿಲ್ಲ. ಬಕೆಟ್ಟಿನ ಬಾಯಿ 20 ಸೆಂಟಿಮೀಟರ್ ಅಡ್ಡಗಲವಿದ್ದರೆ ಅದರ ವಿಸ್ತೀರ್ಣ 0.0314 ಚದರ ಮೀಟರ್. 30 ದಿನಕ್ಕೆ 0.9 ಗ್ರಾಂ ಧೂಳು ಸಿಕ್ಕಿದೆ ಎಂದಾದರೆ, 0.9ನ್ನು 0.0314ರಿಂದಲೂ 30ರಿಂದಲೂ ಭಾಗಿಸಿ, ದಿನಕ್ಕೆ ಚದರ ಮೀಟರಿಗೆ ಸುಮಾರು 0.95 ಗ್ರಾಂ ಎಂದು ಬರೆಯಬೇಕು. ಇದೇ ಲೆಕ್ಕವನ್ನು ದೂರದ ಊರಿನ ಬಕೆಟ್ಟಿಗೂ ಮಾಡಿ ಪಕ್ಕಪಕ್ಕದಲ್ಲಿಡಿ.

ಒಣಗಿದ ಧೂಳಿನ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಅಯಸ್ಕಾಂತ ಆಡಿಸಿ ನೋಡುವುದು ನಮ್ಮ ಹುಡುಗರಿಗೆ ಬಲು ಇಷ್ಟ. ಅಂಟಿದ ಪುಡಿಯನ್ನು ಕಂಡ ಕೂಡಲೇ ಇದು ಕಾರ್ಖಾನೆಯದೇ ಎನ್ನುವ ಅವಸರ ಬೇಡ. ಮಣ್ಣಿನಲ್ಲಿಯೂ ಅಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ. ಮೇಲಾಗಿ, ನಮ್ಮ ಬೆಟ್ಟಗಳ ಕೆಂಪು ಅದಿರು ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದೇ ಇಲ್ಲ. ಎರಡೂ ಊರಿನ ಧೂಳಿನಲ್ಲಿ ಅಂಟಿದ ಭಾಗ ಎಷ್ಟೆಷ್ಟು ಎಂದು ತೂಗಿ ಹೋಲಿಸಿದರೆ ಮಾತ್ರ ಅದು ಮಾಹಿತಿ.

ಲೆಕ್ಕ ಹಾಕುವಾಗ

ನಿಮಿಷದ ಅಂಕಿಯನ್ನು ಹಿಡಿದು ಗಾಬರಿಯಾಗಬಾರದು, ಗಾಬರಿ ಹುಟ್ಟಿಸಲೂಬಾರದು. ಪಕ್ಕದಲ್ಲಿ ಯಾರೋ ಬೀಡಿ ಸೇದಿದರೂ ಅದು 300ಕ್ಕೆ ಹಾರಬಹುದು. 2009ರ ನವೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ ಪಿಎಂ 2.5ಕ್ಕೆ 24 ಗಂಟೆಗಳ ಸರಾಸರಿ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40. ಪಿಎಂ 10ಕ್ಕೆ 100 ಮತ್ತು 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಟ್ಟ ಇನ್ನೂ ಕಟ್ಟುನಿಟ್ಟು: ಪಿಎಂ 2.5ಕ್ಕೆ ದಿನಕ್ಕೆ 15, ವರ್ಷಕ್ಕೆ 5. ಮೊದಲು ಗಂಟೆಯ ಸರಾಸರಿ, ಆಮೇಲೆ 24 ಗಂಟೆಯದು. 18 ಗಂಟೆಗಿಂತ ಕಡಿಮೆ ಅಂಕಿ ಇರುವ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆದರೆ ಅಂತಹ ದಿನಗಳು ಎಷ್ಟಿದ್ದವು ಎಂಬುದನ್ನು ಬರೆಯಿರಿ. ಸೆನ್ಸರ್ ಕಮ್ಯುನಿಟಿಯಿಂದ ಇಳಿಸಿದ ಕಡತದಲ್ಲಿ ಸಮಯ ಜಾಗತಿಕ ಕಾಲಮಾನದಲ್ಲಿರುವುದರಿಂದ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಇದನ್ನು ಮರೆತು ನಾವು ಒಂದು ತಿಂಗಳ ರಾತ್ರಿಯನ್ನೆಲ್ಲ ಸಂಜೆಯೆಂದು ಓದಿದ್ದೆವು.

ರಾತ್ರಿ ಏರುವ ಅಂಕಿಯನ್ನು ಓದುವಾಗ ತಾಳ್ಮೆ ಬೇಕು. ರಾತ್ರಿ ಹೊಗೆ ತಡೆಯುವ ಯಂತ್ರಗಳನ್ನು ನಿಲ್ಲಿಸುತ್ತಾರೆ ಎಂಬ ಮಾತು ಎಲ್ಲ ಊರುಗಳಲ್ಲೂ ಇದೆ. ಅದು ನಿಜವಿದ್ದರೂ ಇರಬಹುದು. ಆದರೆ ಚಳಿಗಾಲದ ನಿರಭ್ರ ರಾತ್ರಿಗಳಲ್ಲಿ ನೆಲ ಬೇಗ ತಣಿದು, ಅದಕ್ಕೆ ತಾಗಿದ ತಂಪು ಗಾಳಿ ಮೇಲಿನ ಗಾಳಿಯೊಡನೆ ಬೆರೆಯದೆ ಕೆಳಗೇ ಉಳಿಯುತ್ತದೆ, ಮೇಲಿನ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ನಿಲ್ಲುತ್ತದೆ. ಒಲೆಯ ಹೊಗೆ, ಲಾರಿಯ ಹೊಗೆ, ಗೂಡಿನ ಹೊಗೆ ಎಲ್ಲವೂ ಅದರಡಿ ಕೂಡಿಹಾಕಿಕೊಳ್ಳುತ್ತವೆ. ಕಾರ್ಖಾನೆಯೇ ಇಲ್ಲದ ಊರಿನಲ್ಲಿಯೂ ರಾತ್ರಿಯ ಅಂಕಿ ಹಗಲಿನದಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ನೋಡಬೇಕಾದದ್ದು ಒಂದೇ ಊರಿನ ಹಗಲು ರಾತ್ರಿಗಳ ವ್ಯತ್ಯಾಸವನ್ನಲ್ಲ, ಒಂದೇ ಗಂಟೆಯಲ್ಲಿ ಎರಡು ಊರುಗಳ ನಡುವಿನ ವ್ಯತ್ಯಾಸವನ್ನು. ಗಾಳಿ ಗೂಡಿನ ಕಡೆಯಿಂದ ಬೀಸಿದ ರಾತ್ರಿ ಆ ವ್ಯತ್ಯಾಸ ಹಿಗ್ಗಿ, ಎದುರು ದಿಕ್ಕಿನಿಂದ ಬೀಸಿದ ರಾತ್ರಿ ಕುಗ್ಗಿದರೆ, ದುರಸ್ತಿಗೆಂದು ಗೂಡು ನಿಂತ ವಾರದಲ್ಲಿ ಇಲ್ಲವಾದರೆ, ನಿಮ್ಮ ಕೈಯಲ್ಲಿ ಗಟ್ಟಿಯಾದದ್ದೇನೋ ಇದೆ. ಗೂಡು ಯಾವಾಗ ನಿಂತಿತ್ತು ಎಂಬುದೂ ದಿನಚರಿಯಲ್ಲಿ ಇರಬೇಕಾದ ಸಂಗತಿ.

ಊರಿಗೆ ಮತ್ತು ಮಂಡಳಿಗೆ

ಊರಿಗೆ ತಿಳಿಸಲು ಗುಡಿಯ ಕಟ್ಟೆಯ ಪಕ್ಕದ ಕರಿಹಲಗೆ ಸಾಕು. ನಿನ್ನೆಯ 24 ಗಂಟೆಯ ತಿದ್ದಿದ ಸರಾಸರಿ, ಅದರ ಎದುರಿಗೆ 60 ಎಂಬ ಮಿತಿ, ಬೇರೇನೂ ಬೇಡ. ಅಂಕಿ ಒಳ್ಳೆಯದಿದ್ದ ದಿನವೂ ಬರೆಯಲೇಬೇಕು. ಕೆಟ್ಟ ದಿನಗಳನ್ನು ಮಾತ್ರ ಬರೆಯುವ ಹಲಗೆಯನ್ನು ಯಾರೂ ನಂಬುವುದಿಲ್ಲ. ಅದನ್ನು ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ ಎಂದು ಕರೆಯಬಾರದು. ಆ ಸೂಚ್ಯಂಕಕ್ಕೆ ಕನಿಷ್ಠ ಮೂರು ಮಾಲಿನ್ಯಕಾರಕಗಳ ಅಳತೆ ಬೇಕು, ನಮ್ಮಲ್ಲಿರುವುದು ಒಂದೇ.

ಮಂಡಳಿಗೆ ಬರೆಯುವಾಗ ಅಳತೆಯ ಮಿತಿಯನ್ನು ನಾವೇ ಮೊದಲು ಹೇಳಬೇಕು. 1981ರ ವಾಯು ಕಾಯ್ದೆಯ ಪ್ರಕಾರ ಕಾನೂನಿನ ಮುಂದೆ ನಿಲ್ಲುವ ಚಿಮಣಿಯ ಮಾದರಿಯನ್ನು ಮಂಡಳಿ ಅಥವಾ ಅದು ಅಧಿಕಾರ ಕೊಟ್ಟವರು ಕ್ರಮಬದ್ಧವಾಗಿ ತೆಗೆದಿರಬೇಕು. ನಮ್ಮ ಸೆನ್ಸರಿನ ಅಂಕಿ ಅದಕ್ಕೆ ಬದಲಿಯಾಗದು. ಆದರೆ 2009ರ ಮಾನದಂಡದ ಟಿಪ್ಪಣಿಯಲ್ಲೇ ಒಂದು ಮಾತಿದೆ: ಎಲ್ಲಿಯಾದರೂ ಸತತ ಎರಡು ದಿನದ ಅಳತೆ ಮಿತಿಯನ್ನು ಮೀರಿದರೆ, ಅಲ್ಲಿ ನಿಯಮಿತ ಅಥವಾ ನಿರಂತರ ಮಾಪನ ಆರಂಭಿಸಿ ಹೆಚ್ಚಿನ ತನಿಖೆ ಮಾಡಲು ಅದೇ ಸಾಕಷ್ಟು ಕಾರಣ. ಆದ್ದರಿಂದ ಅರ್ಜಿಯಲ್ಲಿ "ಕಾರ್ಖಾನೆ ಮುಚ್ಚಿ" ಎಂದು ಮೊದಲೇ ಬರೆಯುವುದಕ್ಕಿಂತ, "ಇಂತಿಂಥ ದಿನಗಳಲ್ಲಿ ಸತತವಾಗಿ ನಮ್ಮ ಅಳತೆ ಮಿತಿ ಮೀರಿದೆ, ತಮ್ಮ ಯಂತ್ರವನ್ನು ನಮ್ಮ ಶಾಲೆಯ ಮಾಳಿಗೆಯ ಮೇಲಿಟ್ಟು ಅಳೆಯಿರಿ" ಎಂದು ಕೇಳುವುದು ಪರಿಣಾಮಕಾರಿ. ಜೊತೆಗೆ ಹೋಲಿಕೆಯ ಚುಕ್ಕಿಚಿತ್ರ, ಕೈನಕ್ಷೆ, ದಿನಚರಿಯ ಆ ಪುಟಗಳ ನಕಲು, ಬಕೆಟ್ಟಿನ ತೂಕದ ಪಟ್ಟಿ ಇರಲಿ. ಕಾರ್ಖಾನೆಗೆ ಮಂಡಳಿ ಕೊಟ್ಟ ಸಮ್ಮತಿ ಪತ್ರದ ಷರತ್ತುಗಳು ಮತ್ತು ಚಿಮಣಿಯ ಅಳತೆಯ ವರದಿಗಳನ್ನು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದಲ್ಲಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ಕಾರ್ಖಾನೆಯ ವಿಸ್ತರಣೆಗಾಗಿ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆ ಕರೆದರೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಬರುತ್ತದೆ. ಆ ಸಭೆಯಲ್ಲಿ ಬರಿ ಮಾತಾಡಿ ಬರಬಾರದು. ಈ ಕಾಗದಗಳನ್ನು ಲಿಖಿತವಾಗಿ ಕೊಟ್ಟು ನಡಾವಳಿಯಲ್ಲಿ ಸೇರಿಸಲು ಕೇಳಬೇಕು.

ಅರ್ಜಿಯ ನಮ್ಮ ಪ್ರತಿಯ ಮೇಲೆ ಕಚೇರಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡು, ಸ್ವೀಕೃತಿ ಸಂಖ್ಯೆಯನ್ನು ದಿನಚರಿಯ ಆ ದಿನದ ಪುಟದಲ್ಲಿ ಬರೆಯಿರಿ. ಮಂಡಳಿಯವರು ಯಂತ್ರದೊಡನೆ ಬಂದ ದಿನ ನಿಮ್ಮ ಘಟಕವನ್ನು ಅದರ ಪಕ್ಕಕ್ಕೇ ಕಟ್ಟಿ, ಅದು ಓಡಿದಷ್ಟು ಹೊತ್ತೂ ಮೂರು ಹೊತ್ತಿನ ಬದಲು ಗಂಟೆಗೊಮ್ಮೆ ದಿನಚರಿ ಬರೆಯಿರಿ, ಅವರ ಫಲಿತಾಂಶದ ಪ್ರತಿಯನ್ನು ಕೇಳಿ ಪಡೆಯಿರಿ. ನಿಮ್ಮದೇ ಊರಿನ ಗಾಳಿಯಲ್ಲಿ, ನಿಮ್ಮದೇ ಮಾಳಿಗೆಯ ಮೇಲೆ ಸಿಕ್ಕ ಆ ಹೋಲಿಕೆಯಿಂದ ತಿದ್ದುಪಡಿಯ ಸೂತ್ರವನ್ನು ಮತ್ತೆ ಲೆಕ್ಕ ಹಾಕಿ, ಹಿಂದಿನ ತಿಂಗಳುಗಳ ಅಂಕಿಗಳನ್ನು ಹೊಸ ಸೂತ್ರದಿಂದ ತಿದ್ದಿ, ಕರಿಹಲಗೆಯ ಮೇಲೆ ತಿದ್ದಿದ್ದೇವೆ ಎಂದು ಬರೆಯಿರಿ.